ಸ್ಪಿತಿಗೆ ಎರಡು ದಾರಿ: ಮನಾಲಿಯೋ, ಕಿನ್ನೌರೋ?

ಹಿಮಾಚಲ ಪ್ರದೇಶದಲ್ಲಿ 2009ರಲ್ಲಿ ಘೋಷಣೆಯಾದ ಶೀತ ಮರುಭೂಮಿ ಜೀವಗೋಳ ಮೀಸಲು ಪ್ರದೇಶವು 7,770 ಚದರ ಕಿ.ಮೀ. ವಿಸ್ತಾರವಾಗಿದ್ದು, ಸ್ಪಿತಿಯ ಬೋಳು ಕಣಿವೆ, ಪಿನ್ ಕಣಿವೆ ರಾಷ್ಟ್ರೀಯ ಉದ್ಯಾನ, ಚಂದ್ರತಾಲ್ ಸರೋವರಗಳೆಲ್ಲ ಅದರೊಳಗೇ ಬರುತ್ತವೆ. ನಮ್ಮ ರಾಯಚೂರಿನಿಂದ ದೆಹಲಿಯವರೆಗೆ ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಆಯ್ಕೆಯ ಪ್ರಶ್ನೆ ಏಳುವುದು ಅಲ್ಲಿಂದ ಮುಂದೆ. ನಾನೂ ನನ್ನ ಪತ್ನಿಯೂ ಒಂದು ಜುಲೈನಲ್ಲಿ ಮನಾಲಿಯ ಮೂಲಕ, ಮರುವರ್ಷದ ಸೆಪ್ಟೆಂಬರಿನಲ್ಲಿ ಶಿಮ್ಲಾ–ಕಿನ್ನೌರಿನ ಮೂಲಕ ಹೋಗಿಬಂದೆವು.

ಮನಾಲಿಯಿಂದ ಸ್ಪಿತಿಯ ಮುಖ್ಯ ಊರಾದ ಕಾಜಾ ಸುಮಾರು 200 ಕಿ.ಮೀ. ಮಾತ್ರ. 2020ರಲ್ಲಿ ತೆರೆದ, 9.02 ಕಿ.ಮೀ. ಉದ್ದದ ಅಟಲ್ ಸುರಂಗದ ಈ ಬದಿಯಲ್ಲಿ ಮಳೆ ಸುರಿಯುತ್ತಿತ್ತು. ಆ ಬದಿಯಲ್ಲಿ ಬಿಸಿಲಿತ್ತು. ಮುಂಗಾರಿನ ಮೋಡಗಳನ್ನು ಪೀರ್ ಪಂಜಾಲ್ ಶ್ರೇಣಿ ತಡೆಯುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ಯಾವ ಪಾಠವೂ ನನಗೆ ತಿಳಿಸಿರಲಿಲ್ಲ. ಮುಂದಿನ ರಸ್ತೆಗೆ ಅಡ್ಡಲಾಗಿ ಹಳ್ಳಗಳು ಹರಿಯುತ್ತವೆ; ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ನೀರು ಹೆಚ್ಚುವುದರಿಂದ ಚಾಲಕರು ನಸುಕಿನಲ್ಲೇ ಹೊರಡುತ್ತಾರೆ. ಆದರೆ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಊರಿನಲ್ಲಿ ಬೆಳೆದ ನಾವು ಮೊದಲ ರಾತ್ರಿಯೇ 4,200 ಮೀಟರಿಗೂ ಮೇಲಿನ ಚಂದ್ರತಾಲ್ ಬಳಿ ಡೇರೆಯಲ್ಲಿ ತಂಗಿದ್ದು ಶುದ್ಧ ಅವಿವೇಕ. ತಲೆನೋವು, ವಾಂತಿಗಳಿಂದ ಬೆಳಗಾಗುವವರೆಗೆ ಕಣ್ಣು ಮುಚ್ಚಲಾಗಲಿಲ್ಲ.

ಕಿನ್ನೌರಿನ ದಾರಿ ಇದರ ಎರಡು ಪಟ್ಟು ಉದ್ದ. ಭೂಕುಸಿತದಿಂದ ನಾವು ಅರ್ಧ ದಿನ ಕಾಯಬೇಕಾಯಿತು. ಆದರೂ ಶಿಮ್ಲಾ, ಕಲ್ಪಾ, ನಾಕೋ ಎಂದು ತಂಗುತ್ತ ಹೋದುದರಿಂದ ಮೈಗೆ ಎತ್ತರ ಒಗ್ಗಿತು. ಸೇಬಿನ ತೋಟಗಳು, ದೇವದಾರು, ಚಿಲ್ಗೋಜಾ ಮರಗಳು ಒಂದೊಂದಾಗಿ ಹಿಂದೆ ಸರಿದು, ಕೊನೆಗೆ ಬರಿಯ ಬಂಡೆ ಉಳಿಯುವುದನ್ನು ಕಣ್ಣಾರೆ ನೋಡಬಹುದು. ಖಾಬ್‌ನಲ್ಲಿ ಸ್ಪಿತಿ ನದಿ ಸತ್ಲಜ್ ಅನ್ನು ಸೇರುತ್ತದೆ. ನಮ್ಮ ಜಿಲ್ಲೆಯ ಅಂಚಿನಲ್ಲಿ ಭೀಮೆ ಕೃಷ್ಣೆಯನ್ನು ಕೂಡುವ ಅಗಲವಾದ ಸಂಗಮವನ್ನು ಕಂಡವರಿಗೆ ಆ ಇಕ್ಕಟ್ಟಾದ ಕೊರಕಲು ನಂಬಲಾಗದು. 996ರಲ್ಲಿ ಸ್ಥಾಪನೆಯಾದ ತಾಬೋ ವಿಹಾರವೂ ಈ ದಾರಿಯಲ್ಲೇ ಸಿಗುತ್ತದೆ. ಮನಾಲಿಯ ತೇವಕ್ಕೆ ಮೆತ್ತಗಾಗಿದ್ದ ಖಡಕ್ ರೊಟ್ಟಿ ಈ ಸಲ ಕಾಜಾವರೆಗೂ ಮುರಿಯುವಂತೆಯೇ ಇತ್ತು.

ನನ್ನ ಒಲವು ಕಿನ್ನೌರಿನ ಕಡೆಗೆ. ಹೇಗೂ ಹಿಮ ಬಿದ್ದು ಮನಾಲಿ ರಸ್ತೆಯಲ್ಲಿರುವ ಕುಂಜುಮ್ ಕಣಿವೆದಾರಿ ಮುಚ್ಚಿದ ಮೇಲೆ ಬೇರೆ ಆಯ್ಕೆಯೂ ಇರುವುದಿಲ್ಲ. ರಜೆ ಕಡಿಮೆಯಿದ್ದು ಮನಾಲಿಯನ್ನೇ ಹಿಡಿಯುವವರು ಸುರಂಗ ದಾಟಿದೊಡನೆ ಸಿಗುವ ಸಿಸ್ಸುವಿನಲ್ಲಿ ಒಂದು ರಾತ್ರಿ ಕಳೆಯಲಿ. ಚಂದ್ರತಾಲ್ ವಾಸ್ತವ್ಯವನ್ನು ಮರಳುವಾಗಿನ ದಿನಕ್ಕೆ ಇಟ್ಟುಕೊಳ್ಳಲಿ.