ಮನೆ ಖಾಲಿ ಮಾಡುತ್ತಿರುವವರೇ, ಬಾಕ್ಸಿಗೆ ಟೇಪು ಬೀಳುವ ಮೊದಲು ಒಳಗೆ ನೋಡಿ

ಹುಬ್ಬಳ್ಳಿಯ ವಿದ್ಯಾನಗರದಿಂದ ಗದಗಿಗೆ ಮನೆ ಬದಲಿಸಿದ ಒಂದು ಕುಟುಂಬದ ಸಾಮಾನು ಯಾವ ಸ್ಥಿತಿಯಲ್ಲಿ ಇಳಿಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇವೆ. ದಾರಿ ಅರವತ್ತು ಕಿಲೋಮೀಟರ್ ಒಳಗಿನದು. ಸಾಗಿಸುವವರು ‘ಪ್ಯಾಕಿಂಗ್, ಹಮಾಲಿ, ಇನ್ಶೂರೆನ್ಸ್ ಎಲ್ಲಾ ಸೇರಿ’ ಎಂದು ಬಾಯಿಮಾತಿನಲ್ಲೇ ಒಪ್ಪಿಕೊಂಡು ಮುಂಗಡ ತೆಗೆದುಕೊಂಡಿದ್ದರು. ಗದಗಿನಲ್ಲಿ ಬಿಚ್ಚಿದಾಗ ಪಿಂಗಾಣಿ ತಾಟುಗಳು ಸೀಳಿದ್ದವು, ಕಪ್ಪುಗಳ ಹಿಡಿಕೆ ಮುರಿದಿದ್ದವು, ಹಳೆಯ ಉಪ್ಪಿನಕಾಯಿ ಭರಣಿ ಒಡೆದಿತ್ತು, ಟಿವಿ ಪರದೆಯಲ್ಲಿ ಗೆರೆ ಬಂದಿತ್ತು. ಕೇಳಿದ್ದಕ್ಕೆ ‘ರಸ್ತೆ ಛಲೋ ಇಲ್ರಿ, ನಾವೇನ್ ಮಾಡೋಣ್ರಿ’ ಎಂಬ ಉತ್ತರ. ಆದರೆ ಆ ಬಾಕ್ಸುಗಳನ್ನು ನೋಡಿದವರಿಗೆ ಗೊತ್ತಾಗುತ್ತದೆ, ಆ ಸಾಮಾನು ಹುಬ್ಬಳ್ಳಿ ಬಿಡುವ ಮೊದಲೇ ಒಡೆಯುವ ಹಾಗೆ ಕೂತಿತ್ತು.

ತಾಟಿನ ಬಾಕ್ಸನ್ನೇ ನೋಡಿ. ತಾಟುಗಳನ್ನು ಒಂದರ ಮೇಲೊಂದು ಮಲಗಿಸಿ, ನಡುವೆ ಒಂದೊಂದೇ ಹಾಳೆ ಪೇಪರ್ ಇಟ್ಟಿದ್ದರು. ಮೇಲಿನವು ಉಳಿದಿದ್ದವು, ತಳದ ನಾಲ್ಕೈದು ಮಾತ್ರ ನಡುಮಧ್ಯೆ ಸೀಳಿದ್ದವು. ಗಾಡಿ ಕುಲುಕಿದಾಗಲೆಲ್ಲ ಇಡೀ ಸಾಲಿನ ಭಾರ ತಳದ ತಾಟಿನ ನಡುವಿಗೆ ಬೀಳುತ್ತದೆ, ಪಿಂಗಾಣಿ ಅಲ್ಲಿಯೇ ದುರ್ಬಲ. ತಾಟು ಯಾವಾಗಲೂ ಅಂಚಿನ ಮೇಲೆ ನಿಲ್ಲಬೇಕು. ಪ್ರತಿಯೊಂದಕ್ಕೂ ಎರಡು ಮೂರು ಹಾಳೆ ಸುತ್ತಿ, ಬಾಕ್ಸಿನ ತಳಕ್ಕೆ ಮುದ್ದೆ ಮಾಡಿದ ಪೇಪರನ್ನು ಕನಿಷ್ಠ ಎರಡು ಇಂಚು ಹಾಸಿ, ಸಾಲಾಗಿ ನಿಲ್ಲಿಸಿ. ಪಕ್ಕದಲ್ಲೂ ಮೇಲೂ ಅಷ್ಟೇ ತುಂಬಿ. ಕಪ್ಪಿನ ಒಳಗೆ ಪೇಪರ್ ತುರುಕಿ, ಹಿಡಿಕೆಗೆ ಬೇರೆಯಾಗಿ ಸುತ್ತಿ, ಬಾಯಿ ಕೆಳಗೆ ಮಾಡಿ ಇಡಿ. ಬಸಿಗಳನ್ನು ತಾಟಿನ ಹಾಗೆಯೇ ನಿಲ್ಲಿಸಿ. ಆಮೇಲೆ ಬಾಕ್ಸ್ ಮುಚ್ಚಿ, ಟೇಪು ಹಚ್ಚದೆ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಒಳಗೆ ಏನಾದರೂ ಸರಿದಾಡಿದ ಸದ್ದು ಬಂದರೆ ಮತ್ತೆ ಬಿಚ್ಚಿ ತುಂಬಬೇಕು. ಹೆಚ್ಚಿನ ಸಾಮಾನು ಒಡೆಯುವುದು ಒಳಗಿನ ಖಾಲಿ ಜಾಗದಿಂದಲೇ. ಹೊರಗೆ ಎಷ್ಟು ಸುತ್ತು ಬಬಲ್ ಶೀಟ್ ಹಾಕಿದರೂ ಅದಕ್ಕೆ ಪರಿಹಾರವಿಲ್ಲ.

ಭರಣಿಯ ಕತೆ ಇನ್ನೂ ಕೆಟ್ಟದ್ದು. ಉಪ್ಪಿನಕಾಯಿ ತೆಗೆಯದೆ, ಮುಚ್ಚಳವನ್ನು ಟೇಪಿನಿಂದ ಬಿಗಿದು ಹಾಗೇ ಇಟ್ಟುಬಿಟ್ಟಿದ್ದರು. ಪಿಂಗಾಣಿಗೆ ಪಿಂಗಾಣಿ ತಾಗಿ ಕಂಠದಲ್ಲಿ ಬಿರುಕು ಬಿತ್ತು, ಎಣ್ಣೆ ಸೋರಿ ರಟ್ಟಿನ ತಳಕ್ಕೆ ಇಳಿಯಿತು, ಎಣ್ಣೆ ಕುಡಿದ ರಟ್ಟು ಮೆತ್ತಗಾಗಿ ಇಳಿಸುವಾಗ ತಳವೇ ಕಿತ್ತುಬಂತು. ಪಕ್ಕದ ಬಾಕ್ಸಿನಲ್ಲಿದ್ದ ಇಳಕಲ್ ಸೀರೆಗಳಿಗೂ ಎಣ್ಣೆ ಹತ್ತಿತು. ಉಪ್ಪಿನಕಾಯಿಯನ್ನು ತಿರುಪು ಮುಚ್ಚಳದ ಡಬ್ಬಿಗೆ ತೆಗೆದು ಕೈಯಲ್ಲೇ ಒಯ್ಯಿರಿ. ಖಾಲಿ ಭರಣಿಗೆ ಒಳಗೂ ಬಟ್ಟೆ ತುಂಬಿ, ಮುಚ್ಚಳವನ್ನು ಬೇರೆ ಸುತ್ತಿ.

ಗಾಜು, ಪಿಂಗಾಣಿಗೆ ಐದು ಪದರದ ರಟ್ಟಿನ ಸಣ್ಣ ಬಾಕ್ಸ್ ಬೇಕು, ಮೂರು ಪದರದ್ದು ಬಟ್ಟೆಗೆ ಸಾಕು. ಒಂದು ಬಾಕ್ಸ್ 15 ಕೆಜಿ ದಾಟಬಾರದು, ದಾಟಿದರೆ ಹಮಾಲರು ಇಡುವುದಿಲ್ಲ, ಎತ್ತಿ ಒಗೆಯುತ್ತಾರೆ. ತಳದ ಸೀಳಿನುದ್ದಕ್ಕೂ ಎರಡು ಇಂಚಿನ ಕಂದು ಟೇಪು ಎರಡು ಪಟ್ಟಿ, ಎರಡೂ ತುದಿಗೆ ಅಡ್ಡ ಒಂದೊಂದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ರಾತ್ರಿಯೆಲ್ಲ ವರಾಂಡದಲ್ಲಿಟ್ಟ ರಟ್ಟು ಬೆಳಗ್ಗೆ ಮೊದಲಿನ ಬಲ ಉಳಿಸಿಕೊಂಡಿರುವುದಿಲ್ಲ, ಒಣಗಿದಂತೆ ಕಂಡರೂ ನಂಬಬೇಡಿ. ಮೆತ್ತೆಗೆ ಮನೆಯ ಹಳೆಯ ಕೌದಿಗಿಂತ ಒಳ್ಳೆಯದು ಸಿಗುವುದಿಲ್ಲ: ಹಲವು ಪದರ ಸೇರಿಸಿ ಹೊಲಿದದ್ದರಿಂದ ಜಾರುವುದಿಲ್ಲ, ಕನ್ನಡಿಗೂ ಶೋಕೇಸ್ ಗಾಜಿಗೂ ಸರಿ. ಆದರೆ ಹಾವೇರಿ ಕಡೆಯವರು ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದ ಗೋಣಿಚೀಲವನ್ನು ಮಾತ್ರ ಹಾಸಬೇಡಿ, ಆ ಘಾಟು ಹಾಸಿಗೆಯಿಂದ ವಾರಗಟ್ಟಲೆ ಹೋಗುವುದಿಲ್ಲ.

ಟಿವಿಯನ್ನು ಗಾದಿಯ ಮೇಲೆ ಅಂಗಾತ ಮಲಗಿಸಿದ್ದರು. ತೆಳು ಪರದೆ ಯಾವಾಗಲೂ ನಿಂತೇ ಹೋಗಬೇಕು, ಮುಖದ ಮೇಲೆ ಏನೂ ಒತ್ತಬಾರದು. ಎರಡು ಗಾದಿಗಳ ನಡುವೆ ನಿಲ್ಲಿಸಿ, ಚೌಕಟ್ಟಿಗಷ್ಟೇ ಪಟ್ಟಿ ಬಿಗಿಯಿರಿ. ಬಿಡಿ ಗಾಜಿನ ಹಲಗೆಯೂ ನಿಂತೇ ಸಾಗಬೇಕು. ಫ್ರಿಜ್ ನಿಂತೇ ಬರಲಿ. ಅನಿವಾರ್ಯವಾಗಿ ಮಲಗಿಸಿದ್ದರೆ, ಕಂಪ್ರೆಸರಿನ ಎಣ್ಣೆ ಮರಳಿ ಇಳಿಯುವವರೆಗೆ ನಿಲ್ಲಿಸಿ ಬಿಟ್ಟು, ಒಂದು ದಿನದ ನಂತರ ಸ್ವಿಚ್ ಹಾಕಿ. ಮುಂಬಾಗಿಲಿನ ವಾಷಿಂಗ್ ಮಷಿನ್ ಆದರೆ ಡ್ರಮ್ ಹಿಡಿಯುವ ಬೋಲ್ಟುಗಳನ್ನು ಹಿಂಬದಿಯಲ್ಲಿ ಮತ್ತೆ ಹಾಕಬೇಕು. ಇನ್ವರ್ಟರ್ ಬ್ಯಾಟರಿ ವಾಲಿದರೆ ಆಸಿಡ್ ಸೋರಬಹುದು. ಅದನ್ನು ಕ್ಯಾಬಿನ್ ಗೋಡೆಗೆ ಒತ್ತಿ, ಬಾಕ್ಸುಗಳಿಂದ ದೂರ ಇಡಿಸಿ.

ಈ ಕುಟುಂಬಕ್ಕೆ ಹಣದ ಪೆಟ್ಟು ಬಿದ್ದದ್ದು ಕಾಗದದಲ್ಲಿ. ಬಿಲ್ಲಿನಲ್ಲಿ ‘ಇನ್ಶೂರೆನ್ಸ್’ ಎಂದು ಮೊತ್ತ ಹಾಕಿದ್ದರು, ಪಾಲಿಸಿ ಸಂಖ್ಯೆ ಇರಲಿಲ್ಲ, ವಿಮಾ ಕಂಪನಿಯ ಹೆಸರೂ ಇರಲಿಲ್ಲ. ಪಾಲಿಸಿ ಇಲ್ಲದಿದ್ದರೆ ಅದು ವಿಮೆಯೇ ಅಲ್ಲ. ಕಾಗದ ಕೈಗೆ ಬರುವವರೆಗೆ ಆ ದುಡ್ಡು ಕೊಡಬೇಡಿ. ಬಾಕ್ಸಿಗೆ ಸಂಖ್ಯೆ ಬರೆದು, ಒಳಗೇನಿದೆ ಎಂಬ ಪಟ್ಟಿಗೆ ಅವರ ಸಹಿ ಹಾಕಿಸಿ, ಮುಚ್ಚುವ ಮೊದಲು ಫೋಟೋ ತೆಗೆಯಿರಿ. ಇಳಿಸಿದ ಮೇಲೆ ‘ಸಾಮಾನು ಸರಿಯಾಗಿ ಬಂದಿದೆ’ ಎಂಬ ಚೀಟಿಗೆ ಸಹಿ ಕೇಳುತ್ತಾರೆ. ಇವರು ಒಂದೂ ಬಾಕ್ಸ್ ಬಿಚ್ಚದೆ ಸಹಿ ಹಾಕಿದ್ದರು. ಒಡೆದದ್ದನ್ನು ಅದೇ ಚೀಟಿಯ ಮೇಲೆ ಬರೆದು, ಬಿಚ್ಚಲು ಸಮಯ ಕೊಡದಿದ್ದರೆ ‘ಬಾಕ್ಸ್ ಬಿಚ್ಚಿ ನೋಡಿಲ್ಲ’ ಎಂದಾದರೂ ಬರೆದು ಸಹಿ ಹಾಕಿ.

ಹಾನಿಯ ಬಗ್ಗೆ ಸಾಗಿಸಿದವರಿಗೆ ಲಿಖಿತ ನೋಟಿಸನ್ನು ತಡಮಾಡದೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. 2007ರ ರಸ್ತೆ ಸಾಗಾಣಿಕೆ ಕಾಯ್ದೆಯಂತೆ, ದಾವೆ ಹೂಡಬೇಕಿದ್ದರೆ ಬುಕಿಂಗ್ ದಿನದಿಂದ 180 ದಿನದೊಳಗೆ ನೋಟಿಸ್ ತಲುಪಿರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಕಾಶವಿದೆ, ನೀವು ಈಗ ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಅಲ್ಲಿಯವರೆಗೆ ಒಡೆದ ಚೂರುಗಳನ್ನೂ, ಬಂದ ರಟ್ಟಿನ ಬಾಕ್ಸನ್ನೂ ಕಸದ ಗಾಡಿಗೆ ಹಾಕಬೇಡಿ.