ಹಿಂದಿನ ಸೀಟಿನಲ್ಲಿ ಎಫ್‌ಟಿ-891: ಎರಡು ದಿನ, ಎಂಟು ಕೌಂಟಿ

ಯಾಸು ಕಂಪನಿಯ ಎಫ್‌ಟಿ-891 ಎಂಬ ರೇಡಿಯೋ ಸೆಟ್ ತಗೋಬಹುದಾ, ಕಾರಿಗೆ ಆಗುತ್ತಾ ಅಂತ ಹಾಸನದಲ್ಲಿರುವ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರಿಬ್ಬರು ಕೇಳಿದ್ದರು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅನಿಸಿ ಬರೆಯುತ್ತಿದ್ದೇನೆ. ಮನೆಯ ಮೇಜಿನ ಮೇಲಿಟ್ಟು ನೋಡಿದ ವಿಮರ್ಶೆಗಳು ಬೇಕಾದಷ್ಟಿವೆ. ನಾನು ಹೇಳುವುದು ಓಡುವ ಕಾರಿನಲ್ಲಿ, ಸ್ಪರ್ಧೆಯ ಗದ್ದಲದ ನಡುವೆ ಈ ಸೆಟ್ ಹೇಗಿರುತ್ತದೆ ಎಂಬುದನ್ನು ಮಾತ್ರ.

ಸ್ಪರ್ಧೆ ಯಾವುದೆಂದರೆ ಕ್ಯಾಲಿಫೋರ್ನಿಯಾ ಕ್ಯೂಎಸ್‌ಓ ಪಾರ್ಟಿ. ಕ್ಯೂಎಸ್‌ಓ ಅಂದರೆ ಎರಡು ಸ್ಟೇಷನ್‌ಗಳ ನಡುವಿನ ರೇಡಿಯೋ ಸಂಪರ್ಕ, ಗೊತ್ತಾದ ಸಮಯದಲ್ಲಿ ಆದಷ್ಟು ಜಾಸ್ತಿ ಸಂಪರ್ಕ ಮಾಡುವುದೇ ಆಟ. ನಾರ್ದರ್ನ್ ಕ್ಯಾಲಿಫೋರ್ನಿಯಾ ಕಾಂಟೆಸ್ಟ್ ಕ್ಲಬ್ ನಡೆಸುವುದು. ಪ್ರತಿವರ್ಷ ಅಕ್ಟೋಬರ್ ತಿಂಗಳ ಮೊದಲ ಪೂರ್ಣ ವಾರಾಂತ್ಯದಲ್ಲಿ, ನಾನಿರುವ ಕ್ಯಾಲಿಫೋರ್ನಿಯಾದ ಗಡಿಯಾರದಂತೆ ಶನಿವಾರ ಬೆಳಿಗ್ಗೆ 9ರಿಂದ ಭಾನುವಾರ ಮಧ್ಯಾಹ್ನ 3ರವರೆಗೆ, 30 ಗಂಟೆ. ಈ ರಾಜ್ಯದಲ್ಲಿ 58 ಕೌಂಟಿಗಳಿವೆ, ನಮ್ಮ ಜಿಲ್ಲೆಗಳಿದ್ದ ಹಾಗೆ. ಹೊರಗಿನವರಿಗೆ ಆ 58ನ್ನೂ ಹಿಡಿಯುವ ಆಸೆ. ಸ್ಯಾನ್ ಹೋಸೆ, ಲಾಸ್ ಏಂಜಲೀಸ್ ಕಡೆ ಹ್ಯಾಮ್‌ಗಳಿಗೇನು ಕಡಿಮೆಯಿಲ್ಲ. ಆದರೆ ಆಲ್ಪೈನ್‌ನಂಥ ಕೌಂಟಿಯಲ್ಲಿ ಇಡೀ ಜನಸಂಖ್ಯೆಯೇ ಸುಮಾರು 1,200. ಅಲ್ಲಿಂದ ಯಾರಾದರೂ ಮಾತಾಡಬೇಕೆಂದರೆ ಯಾರಾದರೂ ಕಾರು ತಗೊಂಡು ಹೋಗಲೇಬೇಕು. ಹಾಗೆ ಹೋಗುವ ಕೆಲವರಲ್ಲಿ ನಾನೂ ಒಬ್ಬಳು. ಪ್ರತಿ ಗಡಿ ದಾಟಿದಾಗಲೂ ಹೊಸ ಸ್ಟೇಷನ್ ಇದ್ದಂತೆ. ಅರ್ಧ ಗಂಟೆ ಹಿಂದೆ ಮಾತಾಡಿದವರೇ ಮತ್ತೆ ಕರೆದರೂ ಅಂಕ ಸಿಗುತ್ತದೆ. ದನಿಯ ಸಂಪರ್ಕಕ್ಕೆ 2, ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತಕ್ಕೆ 3. ಅಮೆರಿಕದಲ್ಲಿ ಪರವಾನಗಿಗೆ 2007ರಿಂದ ಮೋರ್ಸ್ ಪರೀಕ್ಷೆಯೇ ಇಲ್ಲ. ನಾನು ಇಷ್ಟಪಟ್ಟು ಕಲಿತವಳು, ಹೆಚ್ಚು ಕಮ್ಮಿ ಮೋರ್ಸ್‌ನಲ್ಲೇ ಆಡುತ್ತೇನೆ.

ಕಾರು ಓಡಿಸುವುದು ನಮ್ಮ ಭಾವ. ಅಕ್ಕನ ಮನೆಯೂ ನಮ್ಮ ಹಾಗೇ ಫ್ರೀಮಾಂಟಿನಲ್ಲಿದೆ. ಅವರಿಗೆ ರೇಡಿಯೋ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇಲ್ಲ. ಆದರೆ ಬೆಟ್ಟದ ರಸ್ತೆ ಅಂದರೆ ಪ್ರಾಣ. ಓಡಿಸುವವರು ಓಡಿಸಬೇಕು, ಲಾಗ್, ಅಂದರೆ ಸಂಪರ್ಕಗಳ ದಾಖಲೆ, ಬರೆಯುವವರು ಬೇರೆ ಇರಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ, ಒಬ್ಬರೇ ಎರಡನ್ನೂ ಮಾಡುತ್ತೇನೆ ಅನ್ನುವವರಿಗೆ ಈ ಬರಹದಲ್ಲಿ ಏನೂ ಇಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏರ್‌ಬ್ಯಾಗಿನ ಎದುರು ಕೂರುವುದೂ ಸರಿಯಲ್ಲ. ಅದಕ್ಕೇ ನನ್ನ ಜಾಗ ಹಿಂದಿನ ಸೀಟು.

ಈ ಸೆಟ್ ನನಗೆ ಮೊದಲು ಇಷ್ಟವಾಗಿದ್ದೂ ಆ ಕಾರಣಕ್ಕೇ. ಮುಖಫಲಕ ಬೇರ್ಪಡುತ್ತದೆ. 155 ಮಿಲಿಮೀಟರ್ ಅಗಲ, 52 ಮಿಲಿಮೀಟರ್ ಎತ್ತರ, 1.9 ಕಿಲೋ ತೂಕದ ಒಡಲನ್ನು ಮುಂದಿನ ಸೀಟಿನ ಕೆಳಗೆ ಬಿಗಿದಿದ್ದೇನೆ. ಫಲಕ ಮಾತ್ರ ಆ ಸೀಟಿನ ಬೆನ್ನಿನ ಮೇಲೆ, ನನ್ನ ಎದೆಯ ಮಟ್ಟಕ್ಕೆ. ಮುಖ್ಯ ಗುಂಡಿ ಸೆಟ್ಟಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಕಾರು ಕುಲುಕುವಾಗ ಇದರ ಬೆಲೆ ಗೊತ್ತಾಗುತ್ತದೆ. ಅಂಗೈ ಊರಿಕೊಂಡು ಒಂದೇ ಬೆರಳಲ್ಲಿ ತಿರುಗಿಸಬಹುದು, ಕಾರು ರಸ್ತೆಯ ಹೊಂಡಕ್ಕೆ ಬಿದ್ದರೂ ಆವರ್ತನ ಜಾರುವುದಿಲ್ಲ. ಎ, ಬಿ, ಸಿ ಅಂತ ಮೂರು ಕೀಲಿಗಳಿವೆ, ಅವಕ್ಕೆ ನಮಗೆ ಬೇಕಾದ ಕೆಲಸ ವಹಿಸಬಹುದು. ಉಳಿದದ್ದೆಲ್ಲ ಮೆನುವಿನ ಒಳಗೆ. ಹೊರಡುವ ಹಿಂದಿನ ರಾತ್ರಿಯೇ ಎಲ್ಲ ಹೊಂದಿಸಿಟ್ಟುಕೊಳ್ಳಿ, ಘಾಟಿ ರಸ್ತೆಯಲ್ಲಿ ಮೆನು ಹುಡುಕುತ್ತ ಕೂತರೆ ತಲೆ ಸುತ್ತುತ್ತದೆ.

ಸೆಟ್ ಕಳಿಸುವ ಶಕ್ತಿ 100 ವಾಟ್, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಈ ಜಾತಿಯ ಸೆಟ್ಟುಗಳೆಲ್ಲ ಅಷ್ಟೇ ಕೊಡುತ್ತವೆ. ಕಾರಿನಲ್ಲಿ ಬೇಕಾದ್ದು ಕಿವಿ. ಕಾರೆಂಬುದು ಶಬ್ದದ ಕಾರ್ಖಾನೆ: ಸ್ಪಾರ್ಕ್ ಪ್ಲಗ್, ಆಲ್ಟರ್ನೇಟರ್, ಪೆಟ್ರೋಲ್ ಪಂಪು, ಫೋನ್ ಚಾರ್ಜರ್, ಒಂದೊಂದೂ ತನ್ನದೇ ರಾಗ ಹಾಡುತ್ತದೆ. ಇದರಲ್ಲಿನ ನಾಯ್ಸ್ ಬ್ಲ್ಯಾಂಕರ್ ಸ್ಪಾರ್ಕಿನ ಟಕಟಕ ಶಬ್ದವನ್ನು ಚೆನ್ನಾಗಿ ಅಳಿಸುತ್ತದೆ. ಆದರೆ ಜಾಸ್ತಿ ಏರಿಸಿದರೆ ಪಕ್ಕದ ಬಲವಾದ ಸ್ಟೇಷನ್‌ಗಳು ಒರಟಾಗಿ, ಹರಿದ ಹಾಗೆ ಕೇಳಿಸುತ್ತವೆ. ಬ್ಯಾಂಡ್, ಅಂದರೆ ನಾವು ಬಳಸುವ ಆವರ್ತನಗಳ ಶ್ರೇಣಿ, ತುಂಬಿರುವಾಗ ನಾನು ಅದನ್ನು ತಗ್ಗಿಸಿಯೇ ಇಡುತ್ತೇನೆ. ಡಿಎನ್‌ಆರ್ ಎಂಬ ಶಬ್ದ ತಗ್ಗಿಸುವ ಸೌಲಭ್ಯ 1ರಿಂದ 15ರವರೆಗೆ ಹೋಗುತ್ತದೆ. ನನ್ನ ಕಿವಿಗೆ 3 ಅಥವಾ 4 ಸಾಕು, ಅದಕ್ಕಿಂತ ಮೇಲೆ ಹೋದರೆ ಕ್ಷೀಣ ಸಿಗ್ನಲ್‌ಗಳು ನೀರಿನೊಳಗಿಂದ ಬಂದ ಹಾಗಿರುತ್ತವೆ. ಮೋರ್ಸ್‌ಗೆ ಕೇಳುವ ಅಗಲವನ್ನು ಕಿರಿದು ಮಾಡುವ ಫಿಲ್ಟರನ್ನು 300 ಹರ್ಟ್ಸ್‌ಗೆ ಇಳಿಸಿ ಇಡೀ ದಿನ ಕೂತರೂ ಕಿವಿ ದಣಿಯಲಿಲ್ಲ. ನನ್ನ ಮಟ್ಟಿಗೆ ಈ ಸೆಟ್ಟಿಗೆ ಕೊಟ್ಟ ದುಡ್ಡು ಇಲ್ಲಿಗೇ ಸಂದಿತು.

ಆದರೂ ಕಾರಿನ ಶಬ್ದವನ್ನು ಹುಟ್ಟುವಲ್ಲೇ ಕಟ್ಟಿಹಾಕದೆ ಸೆಟ್ಟಿನ ಮೇಲೆ ಭಾರ ಹಾಕಿದರೆ ಯಾವ ಸೆಟ್ಟೂ ಕಾಪಾಡುವುದಿಲ್ಲ. ಬಾನೆಟ್, ಡಿಕ್ಕಿ ಬಾಗಿಲು, ಸೈಲೆನ್ಸರ್ ಪೈಪು ಇವನ್ನೆಲ್ಲ ತಾಮ್ರದ ಹೆಣೆದ ಪಟ್ಟಿಯಿಂದ ಕಾರಿನ ಒಡಲಿಗೆ ಜೋಡಿಸಬೇಕು. ಬಣ್ಣ ಕೆರೆದು, ಹೊಳೆಯುವ ಕಬ್ಬಿಣ ಕಂಡ ಮೇಲೆಯೇ ಬೋಲ್ಟ್ ಹಾಕಬೇಕು. ನನಗೆ ಎರಡು ಭಾನುವಾರ ಹಿಡಿಯಿತು. ಕೊನೆಗೂ ಉಳಿದ ಒಂದು ಗುಂಯ್‌ಗುಟ್ಟುವಿಕೆ ಎಲ್ಲಿಂದ ಅಂತ ಒಂದೊಂದೇ ವಸ್ತು ಕಿತ್ತು ನೋಡಿದರೆ, ಲ್ಯಾಪ್‌ಟಾಪಿನ ಹನ್ನೆರಡು ವೋಲ್ಟಿನ ಚಾರ್ಜರ್. ಅದನ್ನು ಎಳೆದ ಕೂಡಲೇ ಹೆಡ್‌ಫೋನಿನಲ್ಲಿ ಮಳೆ ನಿಂತ ಮೇಲಿನ ಮೌನ ಇಳಿಯಿತು. ಆ ಮೌನದಲ್ಲಿ ಆವರೆಗೂ ಕೇಳದಿದ್ದ ಮೂರು ಸ್ಟೇಷನ್‌ಗಳಿದ್ದವು.

ವೈರಿನ ವಿಷಯ ಲೆಕ್ಕ ಹಾಕಿಯೇ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಸೆಟ್ ಕೆಟ್ಟಿದೆ ಅಂದುಕೊಳ್ಳುವುದು ಇಲ್ಲೇ. ಪೂರ್ತಿ ಶಕ್ತಿಯಲ್ಲಿ ಕಳಿಸುವಾಗ ಇದು 23 ಆಂಪಿಯರ್ ಎಳೆಯುತ್ತದೆ. ಕೈಪಿಡಿಯ ಪ್ರಕಾರ 13.8 ವೋಲ್ಟ್, ಹೆಚ್ಚು ಕಡಿಮೆ 15 ಪ್ರತಿಶತ. ಅಂದರೆ 11.7ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿಯಿಂದ ಸೀಟಿನ ಕೆಳಗೆ ಬರಲು 15 ಅಡಿ, ಹೋಗಿ ಬರುವ ದಾರಿ ಸೇರಿ 30 ಅಡಿ. ಮೊದಲ ವರ್ಷ ನಾನು ಎಳೆದದ್ದು 14 ಗೇಜ್ ವೈರು. ದಾರಿಯಲ್ಲೇ ಒಂದೂ ಮುಕ್ಕಾಲು ವೋಲ್ಟ್ ಸೋರಿಹೋಗುತ್ತಿತ್ತು. ಎಂಜಿನ್ ಆಫ್ ಮಾಡಿದಾಗ ಬ್ಯಾಟರಿಯಲ್ಲಿ 12.6 ಇದ್ದರೆ ಸೆಟ್ಟಿಗೆ ತಲುಪುತ್ತಿದ್ದುದು 10.9. ಸಿಗ್ನಲ್ ಕಳಿಸಲು ಕೀ ಒತ್ತಿದಾಗಲೆಲ್ಲ ಪರದೆ ಮಂಕಾಗಿ ಸೆಟ್ ಆರಿಹೋಗುತ್ತಿತ್ತು. ಈಗ ಅದಕ್ಕಿಂತ ದಪ್ಪನೆಯ 10 ಗೇಜ್ ಹಾಕಿದ್ದೇನೆ, ನಷ್ಟ ಮುಕ್ಕಾಲು ವೋಲ್ಟಿಗೂ ಕಡಿಮೆ. ನೇರ ಬ್ಯಾಟರಿಯಿಂದ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಸಿಗರೇಟ್ ಲೈಟರಿನ ತೂತಿನಿಂದ ಈ ಸೆಟ್ ಓಡಿಸುವ ಯೋಚನೆಯನ್ನೇ ಮಾಡಬೇಡಿ.

ಕೊಳ್ಳುವ ಮೊದಲು ಇನ್ನೊಂದಿಷ್ಟು ಗೊತ್ತಿರಲಿ. ಆಂಟೆನಾವನ್ನು ಸೆಟ್ಟಿಗೆ ಹೊಂದಿಸಿಕೊಡುವ ಟ್ಯೂನರ್ ಒಳಗೆ ಇಲ್ಲ. ಎಲ್ಲೆಲ್ಲಿ ಸಿಗ್ನಲ್ ಇದೆ ಅಂತ ತೋರಿಸುವ ಸ್ಪೆಕ್ಟ್ರಮ್ ಪರದೆ ಇದೆ, ಆದರೆ ಅದು ಬ್ಯಾಂಡನ್ನು ಜಾಲಾಡುವ ಹೊತ್ತು ದನಿ ಕೇಳಿಸುವುದಿಲ್ಲ, ಹಾಗಾಗಿ ಸ್ಪರ್ಧೆಯಲ್ಲಿ ನನಗೆ ಉಪಯೋಗಕ್ಕೆ ಬರಲಿಲ್ಲ. ಯುಎಸ್‌ಬಿ ತಂತಿಯಲ್ಲಿ ನಿಯಂತ್ರಣ ಮಾತ್ರ ಹೋಗುತ್ತದೆ, ಆಡಿಯೋ ಹೋಗುವುದಿಲ್ಲ. ದನಿ, ಮೋರ್ಸ್ ಬಿಟ್ಟು ಕಂಪ್ಯೂಟರಿನ ಡಿಜಿಟಲ್ ಮೋಡ್ ಆಡುವವರಿಗೆ ಪ್ರತ್ಯೇಕ ಇಂಟರ್‌ಫೇಸ್ ಬೇಕು. ಮೋರ್ಸ್‌ನವರಿಗೆ ಇದು ಕೊರತೆಯೇ ಅಲ್ಲ. ಅದೇ ಒಂದು ತಂತಿಯಲ್ಲಿ ಆವರ್ತನದ ಮಾಹಿತಿ ಲ್ಯಾಪ್‌ಟಾಪಿಗೆ ಬರುತ್ತದೆ, ಲಾಗ್ ತಂತ್ರಾಂಶ ಮೋರ್ಸ್ ಕಳಿಸುವುದೂ ಅದರಲ್ಲೇ. ನಾನು ಬಳಸುವುದು ಎನ್‌1ಎಂಎಂ ಲಾಗರ್ ಪ್ಲಸ್, ಉಚಿತವಾಗಿ ಸಿಗುತ್ತದೆ. ಹಿಂದಿನ ಸೀಟಿನಲ್ಲಿ ಒಂದು ತಂತಿ ಕಡಿಮೆಯಾದರೆ ಅದೇ ದೊಡ್ಡ ಸುಖ.

ಆಂಟೆನಾ ಸ್ಕ್ರೂಡ್ರೈವರ್ ಬಗೆಯದು: ಕೆಳಗೆ ಮೋಟಾರು, ಮೇಲೆ ಕಾಯಿಲ್. ಬ್ಯಾಂಡ್ ಬದಲಿಸಲು ಕಾರು ನಿಲ್ಲಿಸಬೇಕಿಲ್ಲ. ಸ್ವಿಚ್ ಒತ್ತಿದರೆ ಹಿಂದಿನಿಂದ ಕುಂಯ್ ಅನ್ನುವ ಸದ್ದು ಬರುತ್ತದೆ, ಕಾಯಿಲ್ ನಿಧಾನ ಮೇಲೇರುತ್ತದೆ. ಕಿವಿಯಲ್ಲಿ ತೆಳ್ಳಗಿದ್ದ ಸುಯ್ ಶಬ್ದ ಒಂದು ಹಂತದಲ್ಲಿ ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ. ಆಗ ಬೆರಳು ತೆಗೆಯಬೇಕು, ಒಂದು ಕ್ಷಣ ತಡೆದರೆ ಇಳಿದುಹೋಗುತ್ತದೆ. ಆಮೇಲೆ ಆಂಟೆನಾ ಎಷ್ಟು ಹೊಂದಿದೆ ಅಂತ ತೋರಿಸುವ ಸೆಟ್ಟಿನ ಎಸ್‌ಡಬ್ಲ್ಯುಆರ್ ಮೀಟರ್ ನೋಡಿ ಚೂರು ತಿದ್ದಿದರಾಯಿತು. 20 ಮತ್ತು 15 ಮೀಟರ್ ತರಂಗದ ಬ್ಯಾಂಡುಗಳಲ್ಲಿ ಇದು ಖುಷಿ ಕೊಡುತ್ತದೆ. 40 ಮೀಟರಿನಲ್ಲಿ ಇಷ್ಟು ಗಿಡ್ಡ ಆಂಟೆನಾಕ್ಕೆ ಕೊಟ್ಟ ಶಕ್ತಿಯಲ್ಲಿ ಹೆಚ್ಚಿನ ಪಾಲು ಕಾಯಿಲು, ನೆಲಗಳ ಬಿಸಿಯಾಗಿಯೇ ಹೋಗುತ್ತದೆ. ಅದನ್ನು ಒಪ್ಪಿಕೊಂಡೇ ಆಡಬೇಕು.

ಈಗ ಆಲ್ಪೈನ್ ವಿಷಯಕ್ಕೆ ಬರುತ್ತೇನೆ. ನಮ್ಮ ಫ್ರೀಮಾಂಟ್ ಇರುವ ಅಲಮೀಡಾ ಕೌಂಟಿಯಲ್ಲಿ ಶುರು ಮಾಡಿ, ಸ್ಟಾಕ್ಟನ್ ಬಳಿ 4ನೇ ಹೆದ್ದಾರಿ ಹಿಡಿದು ಸ್ಯಾನ್ ವಾಕೀನ್, ಒಂದಷ್ಟು ಮೈಲಿ ಸ್ಟ್ಯಾನಿಸ್ಲಾಸ್, ಆಮೇಲೆ ಕ್ಯಾಲವೆರಸ್. ಏಂಜಲ್ಸ್ ಕ್ಯಾಂಪಿನಲ್ಲಿ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ತಿಂದೆವು. ಅಲ್ಲಿಂದ ಮುಂದೆ ಪೈನ್ ಮರಗಳ ನಡುವೆ ಏರು. ಕ್ಯಾಲವೆರಸ್‌ನಿಂದ ಕರೆಯುತ್ತಿದ್ದಾಗ ನಿಮಿಷಕ್ಕೊಂದು ಸಂಪರ್ಕ ಬರುತ್ತಿತ್ತು.

"ಭಾವ, ಆಲ್ಪೈನ್ ಗಡಿಯ ಬೋರ್ಡ್ ಬಂತಾ?"

"ಇನ್ನೊಂದು ತಿರುವು ಇರಬೇಕು ಕಣಮ್ಮ. ನೀನು ಕೇಳಿಸ್ಕೋ, ನಾನು ಹೇಳ್ತೀನಿ."

ಲ್ಯಾಪ್‌ಟಾಪಿನಲ್ಲಿ ಕೌಂಟಿಯ ಹೆಸರು ಬದಲಿಸಿ ಬೆರಳು ಎತ್ತಿ ಹಿಡಿದುಕೊಂಡೆ. "ದಾಟಿದ್ವಿ ನೋಡು!" ಅಂದರು. ಕೀ ಒತ್ತಿದೆ. ನನ್ನ ಕರೆಸಂಕೇತ, ಅದರ ಬೆನ್ನಿಗೆ ಆಲ್ಪೈನಿನ ನಾಲ್ಕಕ್ಷರ: ಡಿಡಾ, ಡಿಡಾಡಿಡಿ, ಡಿಡಾಡಾಡಿ, ಡಿಡಿ. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಹತ್ತಾರು ಸ್ಟೇಷನ್‌ಗಳು ಒಟ್ಟಿಗೆ ಮೇಲೆ ಬಿದ್ದವು, ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು ಯಾವುದೂ ಬಿಡಿಯಾಗಿ ನಿಲ್ಲುತ್ತಿರಲಿಲ್ಲ. 300 ಹರ್ಟ್ಸ್‌ನ ಫಿಲ್ಟರಿನಲ್ಲಿ ಗುಂಡಿಯನ್ನು ಕೂದಲೆಳೆಯಷ್ಟು ಆಚೆ ಸರಿಸಿದೆ. ಗುಂಪಿನ ಅಂಚಿನಲ್ಲಿ ಕರೆಯುತ್ತಿದ್ದ ಒಂದು ತೆಳು ದನಿ ಸ್ಪಷ್ಟವಾಗಿ ಎದ್ದು ನಿಂತಿತು. ಅವರಿಗೆ ಕ್ರಮಸಂಖ್ಯೆ, ಕೌಂಟಿ ಕೊಟ್ಟೆ. ಮತ್ತೊಂದು, ಮಗದೊಂದು. ಎಲ್ಲ ಪೂರ್ವದ ರಾಜ್ಯಗಳವರು. ನನ್ನ ಆಂಟೆನಾ ಕಾರಿನ ಹಿಂಬದಿಯ ಎಡಮೂಲೆಯಲ್ಲಿದೆ, ಸಿಗ್ನಲ್ ಎದುರಿನ ಬಲಮೂಲೆಯ ಕಡೆಗೆ ಚೂರು ಜಾಸ್ತಿ ಹೋಗುತ್ತದೆ. ಪೂರ್ವಕ್ಕೆ ಓಡುವ ರಸ್ತೆ ಆ ಹೊತ್ತಿಗೆ ನಮ್ಮ ಪರವಾಗಿತ್ತು. ಬೇರ್ ವ್ಯಾಲಿಯಿಂದಾಚೆ ಕೆರೆಯ ಪಕ್ಕದಲ್ಲಿ ಭಾವ ಕಾರು ನಿಲ್ಲಿಸಿ ನಡೆಯಲು ಹೋದರು. ಮರಳಿ ಬಂದಾಗಲೂ ನಾನು ಹೆಡ್‌ಫೋನ್ ತೆಗೆದಿರಲಿಲ್ಲ. ಆ ಒಂದು ಕೌಂಟಿಯಿಂದಲೇ 131 ಸಂಪರ್ಕ, ಇಡೀ ವಾರಾಂತ್ಯದ್ದು 407. ಅಷ್ಟು ಹೊತ್ತು ಕಳಿಸುತ್ತಲೇ ಇದ್ದರೂ ಸೀಟಿನ ಕೆಳಗಿನ ಒಡಲು ಮುಟ್ಟಿದರೆ ಬೆಚ್ಚಗಿತ್ತು ಅಷ್ಟೆ. ಮ್ಯಾಟ್ ಬಂದು ಗಾಳಿಯ ದಾರಿ ಮುಚ್ಚದ ಹಾಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದ್ದೇನೆ. ನೀವೂ ಹಾಗೇ ಮಾಡಿ.

8,730 ಅಡಿ ಎತ್ತರದ ಎಬೆಟ್ಸ್ ಪಾಸ್ ಸುತ್ತಮುತ್ತ ರಸ್ತೆಗೆ ನಡುಗೆರೆಯೇ ಇಲ್ಲ, ಚಾರ್ಮಾಡಿಯ ತಿರುವುಗಳಿಗಿಂತ ಇಕ್ಕಟ್ಟು. ಅಲ್ಲಿ ಪರದೆ ನೋಡುವುದನ್ನು ಬಿಟ್ಟು ಸುಮ್ಮನೆ ಕೇಳಿಸಿಕೊಂಡೆ. ಇಳಿದು ಮಾರ್ಕ್ಲೀವಿಲ್ ತಲುಪಿದಾಗ ಭಾವ ಕನ್ನಡಿಯಲ್ಲಿ ನೋಡಿ, "ನಿನ್ನ ಕಂಬ ವಾಲ್ತಾ ಇದೆಯಲ್ಲ" ಅಂದರು. ಆಂಟೆನಾವನ್ನು ಕಾರಿಗೆ ಹಿಡಿಸುವ ಮೌಂಟಿನ ಬೆಸುಗೆ ಬಿರುಕು ಬಿಟ್ಟಿತ್ತು. ಆನ್‌ಲೈನಿನಲ್ಲಿ ತರಿಸಿದ್ದು, ಭಾರಿ ಆಂಟೆನಾಕ್ಕೂ ಆಗುತ್ತದೆ ಅಂತ ಬರೆದಿದ್ದರು. ಬಟ್ಟೆ ಒಣಹಾಕುವ ಹಗ್ಗದಲ್ಲಿ ಮೂರು ಕಡೆ ಎಳೆದು ಕಟ್ಟಿದೆವು. ಮೋನೋ ಕೌಂಟಿಯನ್ನು ಹಾಗೇ ಮುಗಿಸಿ, ಮರುದಿನ ಸೊನೋರಾ ಪಾಸ್ ಮೇಲೆ ಟುವಾಲಮಿ, ಮಾರಿಪೋಸಾಗಳನ್ನೂ ಅದೇ ಹಗ್ಗದ ಬಲದಲ್ಲಿ, ಭಾವ ಗಂಟೆಗೆ 40 ಮೈಲಿ ಮೀರದೆ ಓಡಿಸಿ ಮುಗಿಸಿದೆವು. ಹಾಗಾಗಿ ಹೇಳುತ್ತೇನೆ: ಸೆಟ್ಟಿಗೆ ನಾನು ಕೊಟ್ಟದ್ದು ಸುಮಾರು 650 ಡಾಲರ್. ನಿಮ್ಮ ಕೈಯಲ್ಲಿ ಅಷ್ಟೇ ದುಡ್ಡಿದ್ದರೆ ಕಡಿಮೆ ಬೆಲೆಯ ಹಳೆಯ ಸೆಟ್ ಕೊಂಡು, ಉಳಿದದ್ದನ್ನು ಮೌಂಟು, ವೈರು, ತಾಮ್ರದ ಪಟ್ಟಿಗೆ ಹಾಕಿ. ಅವೆಲ್ಲ ಆಗಲೇ ಗಟ್ಟಿಯಾಗಿದ್ದರೆ ಎಫ್‌ಟಿ-891ನ್ನು ಕಣ್ಣು ಮುಚ್ಚಿ ತಗೊಳ್ಳಿ.

ಹೊಸ ಮೌಂಟನ್ನು ಟ್ರೇಲರ್ ಕೊಕ್ಕೆಗೇ ಬೋಲ್ಟ್ ಮಾಡಿಸಿದ್ದೇನೆ, ಅಗಲವಾದ ತಾಮ್ರದ ಪಟ್ಟಿಯನ್ನು ಎರಡು ಕಡೆಯಿಂದ ಕಾರಿನ ಒಡಲಿಗೆ ಎಳೆದಿದ್ದೇನೆ. ಕಳೆದ ಭಾನುವಾರ ಭಾವ ಬಂದು ಆಂಟೆನಾವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಆಂಟೆನಾ ಮಿಸುಕಲಿಲ್ಲ, ಕಾರೇ ಅಲ್ಲಾಡಿತು.