ಪೆಟ್ಟಿಗೆ ಮೇಲೆ ರಾಜಕುಮಾರ, ಒಳಗೆ ಇಬ್ಬರೇ: ಒಂದು ಸೀ ಕಿಂಗ್ ಕಿಟ್‌ನ ಕಥೆ

ನಾನು ಹಲ್ಲಿನ ಸೆಟ್ ಮಾಡುವವನು. ದಿನವಿಡೀ ಯಾರದ್ದೋ ದವಡೆಯ ಅಚ್ಚು ಮುಂದಿಟ್ಟುಕೊಂಡು ಹಲ್ಲು ಕೂರಿಸುತ್ತೇನೆ. ರಾತ್ರಿ ಊಟ ಮುಗಿದ ಮೇಲೆ ಅದೇ ಚಿಮಟ, ಅದೇ ಕೆರೆಯುವ ಕಡ್ಡಿ ಹಿಡಿದು ಪ್ಲಾಸ್ಟಿಕ್ ವಿಮಾನ ಕಟ್ಟುತ್ತೇನೆ. ಕಂಡ ಕಂಡ ವಿಮಾನ ಅಲ್ಲ. ಹೆಸರುವಾಸಿ ಜನ ನಿಜವಾದ ಯುದ್ಧದಲ್ಲಿ ಹಾರಿಸಿದ್ದು ಮಾತ್ರ. ಯಾಕೆ ಅಂತ ಕೇಳಬೇಡಿ, ಒಬ್ಬೊಬ್ಬರಿಗೆ ಒಂದೊಂದು ಹುಚ್ಚು.

ಈ ಸಲ ತರಿಸಿದ್ದು ಸೀ ಕಿಂಗ್ ಹೆಲಿಕಾಪ್ಟರ್, 1:72 ಅಳತೆಯದ್ದು. ನಿಜವಾದ ಸೀ ಕಿಂಗ್‌ನ ಬ್ಲೇಡುಗಳು ತಿರುಗಿದರೆ ಸುಮಾರು 19 ಮೀಟರ್ ಜಾಗ ಬೇಕು. ನನ್ನ ಮೇಜಿನ ಮೇಲೆ 26 ಸೆಂಟಿಮೀಟರ್ ಸಾಕು. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿತ್ತು: ಫಾಕ್‌ಲ್ಯಾಂಡ್ಸ್ 1982, ರಾಜಕುಮಾರ ಆಂಡ್ರ್ಯೂ ಹಾರಿಸಿದ ಹೆಲಿಕಾಪ್ಟರ್. ಅಟ್ಲಾಂಟಿಕ್‌ನ ಆ ದ್ವೀಪಗಳಿಗಾಗಿ ಬ್ರಿಟನ್ನು ಅರ್ಜೆಂಟೀನಾ ಹೊಡೆದಾಡಿದ ಯುದ್ಧ ಅದು, ಆಂಡ್ರ್ಯೂ ಬ್ರಿಟನ್ ರಾಣಿಯ ಮಗ. ಕಂಪನಿಯ ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಯೋದಿದೆ.

ಪೆಟ್ಟಿಗೆ ನೋಡಿದ್ದೇ ತಡ, ನನ್ನ ಹೆಂಡತಿ ಮೂಗು ಮುರಿದಳು. "ಇವನದ್ದು ಯಾಕ್ರೀ ಮನೆಗೆ ತಂದ್ರಿ?" ಅಂದಳು. ಅವಳ ಮಾತಲ್ಲಿ ತಪ್ಪೇನಿಲ್ಲ. 2022ರಲ್ಲಿ ಆಂಡ್ರ್ಯೂವಿನ ಗೌರವ ಸೇನಾ ಹುದ್ದೆಗಳೆಲ್ಲ ತಾಯಿಯ ಕೈಗೆ ವಾಪಸ್ ಹೋದವು. 2025ರಲ್ಲಿ ಅಣ್ಣ, ರಾಜ ಚಾರ್ಲ್ಸ್, 'ರಾಜಕುಮಾರ' ಅನ್ನೋ ಬಿರುದನ್ನೂ ತೆಗೆಸಿದರು. ಪೆಟ್ಟಿಗೆ ಹಳೇ ಸ್ಟಾಕ್ ಇರಬೇಕು, ಅದಕ್ಕೆ ಈ ಸುದ್ದಿ ಯಾವುದೂ ಮುಟ್ಟಿಲ್ಲ. "ನಾಲ್ಕು ಜನ ಕೂರೋ ಹೆಲಿಕಾಪ್ಟರ್ ಕಣೇ, ಅವನೊಬ್ಬನದ್ದಲ್ಲ" ಅಂತ ಬಾಯಿ ಮುಚ್ಚಿಸಿದೆ. ಆ ಮಾತು ಎರಡೇ ದಿನದಲ್ಲಿ ನನಗೇ ತಿರುಗಿ ಬಂತು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಮೈಭಾಗದ ಎರಡು ಹೋಳುಗಳು ಚೆನ್ನಾಗಿ ಕೂರುತ್ತವೆ. ಬೆನ್ನಿನ ಮೇಲಿನ ಜೋಡಣೆ ಗೆರೆಗೆ ಮಾತ್ರ ಒಂದಿಷ್ಟು ಪುಟ್ಟಿ ಬೇಕಾಯಿತು. ಬಾಗಿಲ ಸುತ್ತಲಿನ ರಿವೆಟ್ ಸಾಲು ಎಷ್ಟು ನವಿರಾಗಿದೆ ಅಂದರೆ ಬಣ್ಣ ದಪ್ಪ ಹಚ್ಚಿದರೆ ಮುಚ್ಚಿಹೋಗುತ್ತದೆ, ತೆಳ್ಳಗೆ ಮಾಡಿಕೊಂಡು ಎರಡು ಸಲ ಹಚ್ಚಿ. ಬಾಲದ ಬ್ಲೇಡು ಆರು, ಸರಿಯಾಗೇ ಕೊಟ್ಟಿದ್ದಾರೆ. ಡೆಕಾಲ್ ಹಾಳೆಯೂ, ಅಂದರೆ ಮೈಮೇಲೆ ಅಂಟಿಸುವ ಗುರುತುಗಳ ಹಾಳೆಯೂ, ಅಚ್ಚುಕಟ್ಟು. ಯುದ್ಧಕ್ಕೆ ಹೊರಟಾಗ ಎದ್ದು ಕಾಣುವ ಬಿಳಿಯನ್ನೆಲ್ಲ ಮುಚ್ಚಿ ಮಂಕು ಮಾಡಿದ್ದರು, ಇಲ್ಲೂ ಹಾಗೇ ಇದೆ. ಬಿಸಿನೀರಲ್ಲಿ ಅರ್ಧ ನಿಮಿಷ ಬಿಟ್ಟರೆ ಕಾಗದದಿಂದ ಜಾರಿ ಬರುತ್ತವೆ.

ಮುಂದಿನ ಗಾಜು ಮಾತ್ರ ಮಂಜು ಮಂಜು. ಪೊರೆ ಬಂದ ಕಣ್ಣಿನ ಹಾಗೆ. ಮಾರಿದವರಿಗೆ ಬರೆದೆ. ಹನ್ನೊಂದು ದಿನಕ್ಕೆ ಇನ್ನೊಂದು ಕಳಿಸಿದರು, ಅದೂ ಮಂಜೇ. ಕೊನೆಗೆ ಹಲ್ಲಿಗೆ ಹೊಳಪು ಕೊಡುವ ಪೇಸ್ಟ್ ಹಾಕಿ ನಾನೇ ಉಜ್ಜಿದೆ. ಮುಕ್ಕಾಲು ಪಾಲು ತಿಳಿಯಾಯಿತು.

ಈಗ ಬೈಯೋ ವಿಷಯ. ಪೆಟ್ಟಿಗೆಯಲ್ಲಿ ಗೊಂಬೆಗಳು ಎರಡೇ! ಇಬ್ಬರೂ ಪೈಲಟ್‌ಗಳು. ಹಿಂದಿನ ಕ್ಯಾಬಿನ್ ಖಾಲಿ. ಅಲ್ಲಿ ಕೂರಲು ಎರಡು ಸೀಟು ಕೊಟ್ಟಿದ್ದಾರೆ, ನೀರಿನಡಿಯ ಸದ್ದು ಹಿಡಿಯುವ ಸೋನಾರ್ ಪೆಟ್ಟಿಗೆ ಕೊಟ್ಟಿದ್ದಾರೆ, ಬಾಗಿಲನ್ನು ತೆರೆದಿಡುವ ಅನುಕೂಲವನ್ನೂ ಕೊಟ್ಟಿದ್ದಾರೆ. ಕೂರುವ ಮನುಷ್ಯರನ್ನು ಕೊಟ್ಟಿಲ್ಲ.

ಇದು ಸಣ್ಣ ಕೊರತೆ ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಆ ಸೀ ಕಿಂಗ್ ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸವೇ ಹಿಂದಿನವರದ್ದು. ನೀರಿನ ಮೇಲೆ ಒಂದೇ ಕಡೆ ನಿಂತು, ಹೊಟ್ಟೆಯಿಂದ ಕೇಬಲ್‌ನಲ್ಲಿ ಸೋನಾರ್ ಇಳಿಬಿಟ್ಟು, ಕೆಳಗೆ ಜಲಾಂತರ್ಗಾಮಿ ಇದೆಯಾ ಅಂತ ಕಿವಿಗೊಟ್ಟು ಕೇಳುವುದು. ಕೇಳುವವನು ಹಿಂದೆ. ರೇಡಾರ್ ನೋಡಿಕೊಂಡು ಎಲ್ಲಿಗೆ ಹೋಗಬೇಕು ಅಂತ ಹೇಳುವ ಅಬ್ಸರ್ವರ್ ಕೂಡ ಹಿಂದೆ. ಪೈಲಟ್‌ಗಳು ಅಲುಗಾಡದಂತೆ ಹಿಡಿದುಕೊಂಡಿರಬೇಕು ಅಷ್ಟೇ. ಅಷ್ಟೇ ಅಂದೆ, ಅಟ್ಲಾಂಟಿಕ್ ಗಾಳಿಯಲ್ಲಿ ಅದೂ ಸುಮ್ನೆ ಅಲ್ಲ.

1982ರಲ್ಲಿ ಆಂಡ್ರ್ಯೂಗೆ 22 ವರ್ಷ. ಇನ್ವಿನ್ಸಿಬಲ್ ಅನ್ನೋ ವಿಮಾನವಾಹಕ ಹಡಗಿನಲ್ಲಿ 820 ಸ್ಕ್ವಾಡ್ರನ್ ಅನ್ನೋ ಹೆಲಿಕಾಪ್ಟರ್ ದಳದ ಸಹ ಪೈಲಟ್. ಆಗ ಸಿಂಹಾಸನದ ಸಾಲಿನಲ್ಲಿ ಚಾರ್ಲ್ಸ್ ಬಿಟ್ಟರೆ ಇವನೇ. ಚಾರ್ಲ್ಸ್ ಮಗ ವಿಲಿಯಂ ಇನ್ನೂ ಹುಟ್ಟಿರಲಿಲ್ಲ, ಯುದ್ಧ ಮುಗಿದ ಒಂದು ವಾರಕ್ಕೆ ಹುಟ್ಟಿದ್ದು. ಇವನನ್ನು ಎಲ್ಲಾದರೂ ಮೇಜಿನ ಕೆಲಸಕ್ಕೆ ಹಾಕೋಣ ಅಂತ ಸರ್ಕಾರದೊಳಗೆ ಮಾತು ಬಂತು. ರಾಣಿ ಒಪ್ಪಲಿಲ್ಲ, ಹಡಗಿನ ಜೊತೆಗೇ ಹೋದ.

ಹೋಗಿ ಮಾಡಿದ ಕೆಲಸಗಳಲ್ಲಿ ಒಂದನ್ನು ಓದಿದಾಗ ನನ್ನ ಅಂಗೈ ಬೆವರಿತ್ತು. ಅರ್ಜೆಂಟೀನಾದವರ ಕೈಯಲ್ಲಿ ಎಕ್ಸೋಸೆಟ್ ಕ್ಷಿಪಣಿ ಇತ್ತು. ನೀರಿಗೆ ಸವರಿಕೊಂಡಂತೆ ಬಂದು ಹಡಗಿಗೆ ಹೊಡೆಯುವಂಥದ್ದು. ಮೇ 4ರಂದು ಅದು ಬ್ರಿಟನ್ನಿನ ಷೆಫೀಲ್ಡ್ ಹಡಗಿಗೆ ಬಡಿದು 20 ಜನ ಸತ್ತರು. ಹಾಗಾಗಿ ಸೀ ಕಿಂಗ್‌ಗಳು ದೊಡ್ಡ ಹಡಗಿನ ಪಕ್ಕ ಕೆಳಮಟ್ಟದಲ್ಲಿ ನಿಲ್ಲಬೇಕು. ಕ್ಷಿಪಣಿಯ ರೇಡಾರಿಗೆ "ನಾನೇ ಹಡಗು" ಅನ್ನಿಸಬೇಕು. ಅದು ಹತ್ತಿರ ಬಂದಾಗ ಸರಕ್ಕನೆ ಮೇಲೇಳಬೇಕು, ಕ್ಷಿಪಣಿ ಕೆಳಗಿನಿಂದ ಹಾದುಹೋಗಬೇಕು. ಲೆಕ್ಕ ಕಾಗದದ ಮೇಲೆ ಸರಿಯಾಗಿದೆ. ಆದರೆ ಮೇಲೇಳುವುದು ಅರ್ಧ ಕ್ಷಣ ತಡವಾದರೆ? ಮೇ 25ರಂದು ಅಟ್ಲಾಂಟಿಕ್ ಕನ್ವೇಯರ್ ಹಡಗಿಗೆ ಎಕ್ಸೋಸೆಟ್ ಬಡಿದದ್ದನ್ನು ಅವನು ಕಣ್ಣಾರೆ ನೋಡಿದ. ಅಲ್ಲಿ 12 ಜನ ಹೋದರು.

ಆಮೇಲೆ ಅವನು ಏನಾದ ಅನ್ನುವುದು ಬೇರೆ. ನನ್ನ ತಲೆಯಲ್ಲಿ ಕೊರೆದದ್ದು ಇನ್ನೊಂದು. ಹಾಗೆ ನೀರಿನ ಮೇಲೆ ನಿಂತಾಗ ಹಿಂದೆ ಕತ್ತಲಲ್ಲಿ ಪರದೆ ನೋಡುತ್ತಾ ಇನ್ನಿಬ್ಬರು ಕೂತಿದ್ದರು ಅಲ್ವಾ? ರಾಣಿಯ ಮಗ ಇದ್ದಾನೆ ಅಂತ ಕ್ಷಿಪಣಿ ಇವರನ್ನು ಬಿಡುತ್ತಿರಲಿಲ್ಲ.

ಹೆಸರು ಜಾಸ್ತಿ ಇದ್ದಷ್ಟೂ ಪಕ್ಕದಲ್ಲಿರುವವನಿಗೆ ಅಪಾಯ. ಸೈನ್ಯದವರಿಗೆ ಇದು ಚೆನ್ನಾಗಿ ಗೊತ್ತು. ವಿಲಿಯಂ ತಮ್ಮ ಹ್ಯಾರಿಯನ್ನು ಇರಾಕ್‌ಗೆ ಕಳಿಸುತ್ತೇವೆ ಅಂದವರು 2007ರ ಮೇನಲ್ಲಿ ಬೇಡ ಅಂದಿದ್ದು ಇದಕ್ಕೇ. ಅವನನ್ನು ಗುರಿಯಿಟ್ಟರೆ ಜೊತೆಗಿದ್ದ ಹುಡುಗರೂ ಹೋಗುತ್ತಾರೆ. ಅದೇ ವರ್ಷದ ಕೊನೆಗೆ ಗುಟ್ಟಾಗಿ ಅಫ್ಘಾನಿಸ್ತಾನದ ಹೆಲ್ಮಂಡ್‌ಗೆ ಕಳಿಸಿದರು. ಬ್ರಿಟನ್ನಿನ ಪತ್ರಿಕೆಗಳೆಲ್ಲ ಒಪ್ಪಂದ ಮಾಡಿಕೊಂಡು ಬಾಯಿ ಮುಚ್ಚಿಕೊಂಡವು. ಅಲ್ಲಿ ಗೂರ್ಖಾಗಳ ಜೊತೆ ಇದ್ದುಕೊಂಡು, ಮೇಲೆ ಹಾರುವ ವಿಮಾನಗಳಿಗೆ ರೇಡಿಯೋದಲ್ಲಿ ದಾರಿ ಹೇಳುವುದು ಅವನ ಕೆಲಸ. ಮೇಲಿನ ಪೈಲಟ್‌ಗಳಿಗೆ ಕೇಳಿಸುತ್ತಿದ್ದದ್ದು 'ವಿಡೋ ಸಿಕ್ಸ್ ಸೆವೆನ್' ಅನ್ನೋ ಸಂಕೇತ ಹೆಸರು ಮಾತ್ರ. ಹತ್ತು ವಾರಕ್ಕೆ ಹೊರದೇಶದ ಮಾಧ್ಯಮದಲ್ಲಿ ಸುದ್ದಿ ಒಡೆಯಿತು. ತಕ್ಷಣ ವಾಪಸ್ ಕರೆಸಿಕೊಂಡರು.

ಇದೇ ಮನೆತನದ ಮುತ್ತಾತನದ್ದೂ ಹೀಗೇ. ಮುಂದೆ ಆರನೇ ಜಾರ್ಜ್ ಆದವರು 1916ರ ಜಟ್‌ಲ್ಯಾಂಡ್ ಯುದ್ಧದಲ್ಲಿ ಕಾಲಿಂಗ್‌ವುಡ್ ಹಡಗಿನ ತೋಪುಗಳ ಗೋಪುರದಲ್ಲಿದ್ದರು. ಹಡಗಿನಲ್ಲಿ ಅವರ ಹೆಸರು ಮಿಸ್ಟರ್ ಜಾನ್ಸನ್.

ಸರಿ, ಕಿಟ್‌ಗೆ ಬರುತ್ತೇನೆ. "ಇನ್ನಿಬ್ಬರು ಎಲ್ಲಿ?" ಅಂತ ಕಂಪನಿಗೂ ಬರೆದೆ. "ಪೆಟ್ಟಿಗೆ ಮೇಲೆ ಎರಡು ಗೊಂಬೆ ಅಂತ ಸ್ಪಷ್ಟವಾಗಿ ಹಾಕಿದ್ದೇವೆ" ಅಂತ ಉತ್ತರ ಬಂತು. ನಿಜ, ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದರು.

ನನ್ನ ಕಪಾಟಿನಲ್ಲಿ ಎರಡನೇ ಮಹಾಯುದ್ಧದ ಒಂದು ಬಿ-24 ಬಾಂಬರ್ ಇದೆ, ಬೇರೆ ಕಂಪನಿಯದ್ದು. ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್ ಆಸ್ಕರ್ ಗೆದ್ದ ಮುಂದಿನ ತಿಂಗಳೇ, 1941ರ ಮಾರ್ಚ್‌ನಲ್ಲಿ, ಸಾಮಾನ್ಯ ಸೈನಿಕನಾಗಿ ಸೇರಿದರು. ಮೊದಲ ಸಲ ತೂಕ ಸಾಲದು ಅಂತ ವಾಪಸ್ ಕಳಿಸಿದ್ದರಂತೆ. ಆಮೇಲೆ ಇಂಗ್ಲೆಂಡಿನಿಂದ ಶತ್ರು ನೆಲದ ಮೇಲೆ 20 ಸಲ ಹಾರಿದರು. ಬಿ-24ರಲ್ಲಿ ಸಾಮಾನ್ಯವಾಗಿ ಹತ್ತು ಜನ ಇರುತ್ತಿದ್ದರು. ಆ ಕಿಟ್‌ನಲ್ಲೂ ಆರೇ ಗೊಂಬೆ. ಆಗ ನಾನು ಲೆಕ್ಕ ಹಾಕಿರಲಿಲ್ಲ, ಈಗ ಎದ್ದು ಹೋಗಿ ಎಣಿಸಿದೆ. ಪಕ್ಕದ ಪ್ಯಾಂಥರ್ ಜೆಟ್‌ನದ್ದು ತಕರಾರಿಲ್ಲ, ಅದು ಒಂದೇ ಸೀಟಿನದ್ದು. ಬೇಸ್‌ಬಾಲ್ ಆಟಗಾರ ಟೆಡ್ ವಿಲಿಯಮ್ಸ್ 1953ರ ಫೆಬ್ರವರಿಯಲ್ಲಿ ಕೊರಿಯಾದಲ್ಲಿ ಉರಿಯುತ್ತಿದ್ದ ಪ್ಯಾಂಥರನ್ನು ಹೊಟ್ಟೆಯ ಮೇಲೆ ಇಳಿಸಿ ಎದ್ದು ಓಡಿದ್ದು ಅದರಲ್ಲೇ.

ಕೊನೆಗೆ ಆ ಇಬ್ಬರನ್ನು ನಾನೇ ಮಾಡಿದೆ. ಹಲ್ಲಿನ ಸೆಟ್‌ಗೆ ಒಸಡು ಮಾಡುವ ಗುಲಾಬಿ ಅಕ್ರಿಲಿಕ್ ಪುಡಿ ಇರುತ್ತದಲ್ಲ, ಅದರಲ್ಲಿ. ಈ ಅಳತೆಯಲ್ಲಿ ಕೂತ ಮನುಷ್ಯ ಎರಡು ಸೆಂಟಿಮೀಟರ್‌ಗಿಂತ ಕಡಿಮೆ. ಮೊದಲನೆಯವನು ಕೋಸಂಬರಿಗೆ ನೆನೆಸಿದ ಹೆಸರುಕಾಳಿನ ಥರ ಬಂದ, ಬಿಸಾಕಿದೆ. ಎರಡನೇ ಪ್ರಯತ್ನದಲ್ಲಿ ಹೆಲ್ಮೆಟ್ ಬಂತು, ಮೂರನೆಯದರಲ್ಲಿ ಮೊಣಕೈ ಬಂತು. ಒಬ್ಬನನ್ನು ಪರದೆಯ ಕಡೆ ಬಗ್ಗಿಸಿದೆ. ಇನ್ನೊಬ್ಬನ ಒಂದು ಕೈಯನ್ನು ಕಿವಿಯ ಮೇಲಿಟ್ಟೆ. ಬಣ್ಣ ಹಚ್ಚುವ ತನಕ ಇಬ್ಬರೂ ಗುಲಾಬಿ ಒಸಡಿನ ಮನುಷ್ಯರು. ನಾಲ್ಕು ರಾತ್ರಿ ಹೋಯಿತು.

ಮುಗಿದ ಮೇಲೆ ಮಗಳು ಟಾರ್ಚ್ ಹಾಕಿ ಒಳಗೆ ಇಣುಕಿದಳು. "ಇದರಲ್ಲಿ ರಾಜಕುಮಾರ ಯಾರಪ್ಪಾ?" ಅಂತ ಕೇಳಿದಳು. ಮುಂದೆ ಕೂತ ಇಬ್ಬರಿಗೂ ಒಂದೇ ಹೆಲ್ಮೆಟ್, ಒಂದೇ ಬಣ್ಣ, ಮೇಲೆ ಆ ಮಂಜು ಗಾಜು. ನನಗೂ ಗೊತ್ತಾಗಲಿಲ್ಲ. ಅವಳು ಹಿಂದಿನ ಬಾಗಿಲ ಹತ್ತಿರ ಹೋಗಿ, "ಇವನಿಗೆ ಕಿವಿ ನೋವಾ?" ಅಂದಳು.

ಕೊಳ್ಳಬಹುದಾ ಅಂದರೆ, ಹೊಸಬರಿಗೆ ಬೇಡ. ಆ ಗಾಜು ನೋಡಿ ಬೇಜಾರಾಗುತ್ತದೆ. ಕೈ ಪಳಗಿದ್ದರೆ ತಗೊಳ್ಳಿ, ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೇಲಿನ ಬ್ಲೇಡುಗಳನ್ನು ಅಂಟಿಸುವ ಮುಂಚೆ ಸ್ವಲ್ಪ ಕೆಳಕ್ಕೆ ಬಗ್ಗಿಸಿ, ನಿಂತ ಹೆಲಿಕಾಪ್ಟರ್‌ನಲ್ಲಿ ಅವು ಜೋತಿರುತ್ತವೆ. ಕೈಪಿಡಿಯಲ್ಲಿ ಇದನ್ನು ಹೇಳಿಲ್ಲ. ಬಾಗಿಲನ್ನು ತೆರೆದೇ ಇಡಿ.

ಮುಂದಿನದ್ದು ಅಪಾಚೆ, ದಾಳಿ ಮಾಡುವ ಹೆಲಿಕಾಪ್ಟರ್. 2012ರಲ್ಲಿ ಹ್ಯಾರಿ ಮತ್ತೆ ಹೆಲ್ಮಂಡ್‌ಗೆ ಹೋದಾಗ ಅದರ ಮುಂದಿನ ಸೀಟಿನಲ್ಲಿ ಗನ್ನರ್ ಆಗಿ ಕೂತಿದ್ದ, ಈ ಸಲ ಗುಟ್ಟಿಲ್ಲದೆ. ಎರಡೇ ಸೀಟು, ಒಂದರ ಹಿಂದೊಂದು. ಗೊಂಬೆ ಎಷ್ಟು ಅಂತ ಮೊದಲೇ ಕೇಳಿ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.